ಕತ್ತರಿ, ಕಾಗದ ಮತ್ತು ಮುಪ್ಪು: ವಯೋವೃದ್ಧರ ಕಲಾಶಿಕ್ಷಣದಲ್ಲಿ ಕೊಲಾಜ್

ಕಲಾಶಿಕ್ಷಣವೆಂದೊಡನೆ ನೆನಪಿಗೆ ಬರುವುದು ಶಾಲೆಯ ಮಕ್ಕಳು, ಇಲ್ಲವೇ ಕಲಾಶಾಲೆಯ ತರುಣ ವಿದ್ಯಾರ್ಥಿಗಳು. ಅರವತ್ತು ದಾಟಿದವರು ಕುಂಚವನ್ನೋ ಕತ್ತರಿಯನ್ನೋ ಹಿಡಿದರೆ ಅದನ್ನು ಕಲಿಕೆಯೆಂದು ಕರೆಯಲು ಸಮಾಜಕ್ಕೆ ಒಂದು ಬಗೆಯ ಸಂಕೋಚ. ಕಾಲಕ್ಷೇಪ, ಹವ್ಯಾಸ, ಮನಸ್ಸಿಗೆ ನೆಮ್ಮದಿ ಮುಂತಾದ ಮಾತುಗಳೇ ಅದಕ್ಕೆ ಸಲ್ಲುತ್ತವೆ. 2011ರ ಜನಗಣತಿಯ ವೇಳೆಗೇ ಭಾರತದಲ್ಲಿ ಅರವತ್ತು ಮತ್ತು ಅದಕ್ಕೂ ಹೆಚ್ಚಿನ ವಯಸ್ಸಿನವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ನಿವೃತ್ತರ ಸಂಘಗಳು, ಹಗಲು ಪಾಲನಾ ಕೇಂದ್ರಗಳು, ವೃದ್ಧಾಶ್ರಮಗಳು ಯೋಗ, ಭಜನೆ, ಆರೋಗ್ಯ ತಪಾಸಣೆಗಳ ಜೊತೆಗೆ ಚಿತ್ರಕಲೆಯ ತರಗತಿಗಳನ್ನೂ ಏರ್ಪಡಿಸುವುದುಂಟು. ಇಂತಹ ತರಗತಿಗಳಲ್ಲಿ ಕೊಲಾಜ್ ಆಯ್ಕೆಯಾಗುವುದಕ್ಕೆ ಸಾಮಾನ್ಯವಾಗಿ ಕೊಡಲಾಗುವ ಕಾರಣ ಒಂದೇ: ಅದು ಸುಲಭ; ಚಿತ್ರ ಬರೆಯಲು ಬಾರದವರೂ ಅದನ್ನು ಮಾಡಬಲ್ಲರು.

ವಿಚಾರಣೆಗೆ ಒಳಪಡಬೇಕಾದುದು ಈ 'ಸುಲಭ' ಎಂಬ ಮಾತೇ. ಕೊಲಾಜ್ ಮುಪ್ಪಿಗೆ ಒಗ್ಗುವ ಮಾಧ್ಯಮವೆಂಬುದು ನಿಜ. ಆದರೆ ಅದು ಸುಲಭವಾದುದರಿಂದ ಅಲ್ಲ. ಕೈಯ ನೈಪುಣ್ಯದ ಮೇಲಿರುವ ಭಾರವನ್ನು ಅದು ಕಣ್ಣಿನ ಮತ್ತು ಮನಸ್ಸಿನ ವಿವೇಚನೆಯ ಮೇಲೆ ವರ್ಗಾಯಿಸುತ್ತದೆ. ಈ ವ್ಯತ್ಯಾಸವನ್ನು ಗುರುತಿಸದಿದ್ದರೆ ವಯೋವೃದ್ಧರ ಕಲಾತರಗತಿ ಶಿಶುವಿಹಾರದ ಮರುಮುದ್ರಣವಾಗುತ್ತದೆ. ಗುರುತಿಸಿದರೆ, ಕಲೆಯ ಚರಿತ್ರೆಯಲ್ಲಿಯೇ ಅದಕ್ಕೊಂದು ಗಟ್ಟಿಯಾದ ಪರಂಪರೆ ಇರುವುದು ಕಾಣುತ್ತದೆ.

ಮಾಧ್ಯಮದ ಸ್ವರೂಪ

ಕೊಲಾಜ್ ಎಂಬ ಪದ ಅಂಟಿಸು ಎಂಬರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದುದು. 1912ರಲ್ಲಿ ಪಿಕಾಸೊ ತಮ್ಮ ಸ್ಥಿರಚಿತ್ರವೊಂದರಲ್ಲಿ, ಬೆತ್ತದ ಹೆಣಿಗೆಯನ್ನು ಅಚ್ಚುಹಾಕಿದ ಮೇಣಬಟ್ಟೆಯ ತುಂಡನ್ನು ಅಂಟಿಸಿದರು. ಅದೇ ವರ್ಷ ಬ್ರಾಕ್ ಮರದ ಎಳೆಗಳನ್ನು ಅನುಕರಿಸುವ ಗೋಡೆಕಾಗದವನ್ನು ತಮ್ಮ ಇದ್ದಿಲು ರೇಖಾಚಿತ್ರಕ್ಕೆ ಸೇರಿಸಿದರು. ಆಧುನಿಕ ಕಲೆಯಲ್ಲಿ ಈ ವಿಧಾನಕ್ಕೆ ಮಾನ್ಯತೆ ದೊರೆತದ್ದು ಆಗ. ಆದರೆ ಕಾಗದವನ್ನು, ಬಟ್ಟೆಯನ್ನು ಕತ್ತರಿಸಿ ಜೋಡಿಸಿ ರೂಪ ಕಟ್ಟುವ ಅಭ್ಯಾಸ ಅದಕ್ಕಿಂತ ಬಹು ಹಿಂದಿನದು.

ಈ ವಿಧಾನದಲ್ಲಿ ನಾಲ್ಕು ಹಂತಗಳಿವೆ: ಆಯುವುದು, ಕತ್ತರಿಸುವುದು, ಹೊಂದಿಸುವುದು, ಕೊನೆಗೆ ಅಂಟಿಸುವುದು. ಇವುಗಳಲ್ಲಿ ಮೂರನೆಯದೇ ಮುಖ್ಯವಾದುದು. ಜಲವರ್ಣದಲ್ಲಿ ಕಾಗದಕ್ಕೆ ತಗುಲಿದ ಬಣ್ಣವನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಕೊಲಾಜ್‌ನಲ್ಲಿ ಅಂಟು ಹಚ್ಚುವವರೆಗೆ ಯಾವುದೂ ಅಂತಿಮವಲ್ಲ. ತುಂಡನ್ನು ಸರಿಸಬಹುದು, ತಿರುಗಿಸಬಹುದು, ತೆಗೆದಿಟ್ಟು ಮರುದಿನ ಮತ್ತೆ ನೋಡಬಹುದು. ಕೈ ನಡುಗುವವರಿಗೆ, ಬೇಗ ದಣಿಯುವವರಿಗೆ ಈ ಬಿಡುವು ಅನುಕೂಲಕರ. ಹಾಗೆಂದು ನಿರ್ಣಯದ ಹೊಣೆ ಇಲ್ಲಿ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಈ ಕೆಂಪಿನ ಪಕ್ಕದಲ್ಲಿ ಯಾವ ಹಸಿರು, ಈ ಖಾಲಿ ಜಾಗವನ್ನು ತುಂಬಬೇಕೇ ಬಿಡಬೇಕೇ ಎಂಬ ಪ್ರಶ್ನೆಗಳಿಗೆ ಅಭ್ಯಾಸಬಲದಿಂದ ಉತ್ತರ ಬರುವುದಿಲ್ಲ. ಎಪ್ಪತ್ತು ವರ್ಷ ಸೀರೆ ಆರಿಸಿದ, ತೋಟ ಮಾಡಿದ, ಅಂಗಡಿ ನಡೆಸಿದ, ಪಾಠ ಹೇಳಿದ ಮನಸ್ಸಿನಲ್ಲಿ ಇಂತಹ ನಿರ್ಣಯಶಕ್ತಿ ಸಂಚಿತವಾಗಿರುತ್ತದೆ. ಅದನ್ನು ಹೊರತರುವುದೇ ತರಗತಿಯ ಕೆಲಸ.

ಮೂರು ನಿದರ್ಶನಗಳು

ಇಂಗ್ಲೆಂಡಿನ ಮೇರಿ ಡಿಲೇನಿ ಹುಟ್ಟಿದ್ದು 1700ರಲ್ಲಿ. 1768ರಲ್ಲಿ ಎರಡನೆಯ ಪತಿಯನ್ನೂ ಕಳೆದುಕೊಂಡ ಆಕೆ, 1772ರಲ್ಲಿ, ತಮ್ಮ 72ನೆಯ ವಯಸ್ಸಿನಲ್ಲಿ, ಬಣ್ಣದ ಕಾಗದವನ್ನು ಸೂಕ್ಷ್ಮವಾಗಿ ಕತ್ತರಿಸಿ ಕಪ್ಪು ಹಿನ್ನೆಲೆಯ ಮೇಲೆ ಅಂಟಿಸಿ ಹೂಗಿಡಗಳ ಚಿತ್ರಗಳನ್ನು ಮಾಡತೊಡಗಿದರು. ಜೆರೇನಿಯಂ ಹೂವಿನ ಎಸಳಿಗೂ ಕೈಯಲ್ಲಿದ್ದ ಕೆಂಪು ಕಾಗದಕ್ಕೂ ಇದ್ದ ಸಾಮ್ಯವನ್ನು ಗಮನಿಸಿದ್ದೇ ಇದಕ್ಕೆ ನಾಂದಿಯಾಯಿತೆಂದು ಹೇಳಲಾಗುತ್ತದೆ. ಮುಂದಿನ ಹತ್ತು ವರ್ಷಗಳಲ್ಲಿ ಆಕೆ ಮಾಡಿದ ಚಿತ್ರಗಳು 980ಕ್ಕೂ ಹೆಚ್ಚು. ಒಂದೊಂದು ಹೂವಿಗೆ ನೂರಾರು ತುಣುಕುಗಳನ್ನು ಬಳಸಿರುವುದುಂಟು. ಗಿಡದ ಹೆಸರು, ಚಿತ್ರ ಮಾಡಿದ ದಿನ ಮುಂತಾದ ವಿವರಗಳನ್ನೂ ದಾಖಲಿಸಲಾಗಿದೆ. ದೃಷ್ಟಿ ಕುಂದಿದಾಗ, 1782ರಲ್ಲಿ, ಆಕೆ ಕೆಲಸ ನಿಲ್ಲಿಸಿದರು. ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಈ ಸಂಗ್ರಹವನ್ನು ಸಸ್ಯಶಾಸ್ತ್ರೀಯ ನಿಖರತೆಗಾಗಿಯೂ ಗೌರವಿಸಲಾಗುತ್ತದೆ. ಡಿಲೇನಿ ಬರಿಗೈಯಿಂದ ಆರಂಭಿಸಿದವರಲ್ಲ ಎಂಬುದು ಇಲ್ಲಿ ಮುಖ್ಯ. ಕಸೂತಿ, ಚಿಪ್ಪಿನ ಅಲಂಕಾರ, ತೋಟಗಾರಿಕೆಗಳಲ್ಲಿ ಕಳೆದ ಆಯುಷ್ಯವೇ ಆ ಕತ್ತರಿಯ ಹಿಂದಿತ್ತು. ಮುಪ್ಪಿನಲ್ಲಿ ಆರಂಭಿಸಿದ ಕಲೆ ಎಂದರೆ ಶೂನ್ಯದಿಂದ ಆರಂಭಿಸಿದ ಕಲೆ ಎಂದಲ್ಲ.

ಎರಡನೆಯ ನಿದರ್ಶನ ಹೆನ್ರಿ ಮಾತಿಸ್ (1869–1954) ಅವರದು. 1941ರಲ್ಲಿ ಕ್ಯಾನ್ಸರಿಗಾಗಿ ನಡೆದ ದೊಡ್ಡ ಶಸ್ತ್ರಚಿಕಿತ್ಸೆಯ ಅನಂತರ ಅವರು ಹೆಚ್ಚು ಕಾಲ ನಿಂತು ಕೆಲಸ ಮಾಡಲಾರದವರಾದರು. ಹಾಸಿಗೆ ಮತ್ತು ಗಾಲಿಕುರ್ಚಿಗಳೇ ಅವರ ಕಾರ್ಯಸ್ಥಾನಗಳಾದವು. ಸಹಾಯಕರು ದೊಡ್ಡ ಹಾಳೆಗಳಿಗೆ ಬಣ್ಣ ಬಳಿದು ಕೊಡುತ್ತಿದ್ದರು. ಮಾತಿಸ್ ಅವುಗಳಲ್ಲಿ ಆಕಾರಗಳನ್ನು ನೇರವಾಗಿ ಕತ್ತರಿಸುತ್ತಿದ್ದರು. ಆ ತುಂಡುಗಳನ್ನು ಗುಂಡುಸೂಜಿಯಿಂದ ಗೋಡೆಗೆ ಚುಚ್ಚಿ, ಅವರು ಹೇಳಿದಂತೆ ಸರಿಸಿ ಸರಿಸಿ ನೋಡಲಾಗುತ್ತಿತ್ತು. 1947ರಲ್ಲಿ ಪ್ರಕಟವಾದ 'ಜಾಝ್' ಚಿತ್ರಸಂಪುಟ, 1951ರಲ್ಲಿ ಪೂರ್ಣಗೊಂಡ ವಾನ್ಸ್ ಪ್ರಾರ್ಥನಾ ಮಂದಿರದ ಬಣ್ಣದ ಗಾಜಿನ ಕಿಟಕಿಗಳ ವಿನ್ಯಾಸ, 1952ರ ನೀಲಿ ನಗ್ನಚಿತ್ರಗಳು, 1953ರ 'ಬಸವನಹುಳು' ಎಲ್ಲವೂ ಈ ವಿಧಾನದ ಫಲಗಳು. ಕೊನೆಯದರ ಅಗಲ, ಎತ್ತರ ಎರಡೂ ಮೂರು ಮೀಟರಿಗೆ ಸಮೀಪ. ದೇಹದ ಮಿತಿಯನ್ನು ಚಿತ್ರದ ಅಳತೆ ಒಪ್ಪಿಕೊಳ್ಳಲಿಲ್ಲ. ವಿಧಾನ ಮಾತ್ರ ಬದಲಾಯಿತು. ಬಣ್ಣ ಮತ್ತು ರೇಖೆ ಪ್ರತ್ಯೇಕವಾಗಿ ಬರುವ ಚಿತ್ರಕಲೆಯ ಹಳೆಯ ತೊಡಕಿಗೆ ಕತ್ತರಿಯಲ್ಲಿ ಪರಿಹಾರ ದೊರೆಯಿತೆಂಬುದು ಕಲೆಯ ದೃಷ್ಟಿಯಿಂದ ಮಹತ್ವದ ಸಂಗತಿ. ಬಣ್ಣವನ್ನೇ ಕತ್ತರಿಸಿದಾಗ ಅದರ ಅಂಚೇ ರೇಖೆಯಾಗುತ್ತದೆ.

ಮೂರನೆಯ ನಿದರ್ಶನ ಭಾರತದ್ದೇ. ಶಾಂತಿನಿಕೇತನದ ಕಲಾಭವನದ ಬಿನೋದ್ ಬಿಹಾರಿ ಮುಖರ್ಜಿ (1904–1980) ಬಾಲ್ಯದಿಂದಲೇ ದೃಷ್ಟಿದೋಷವಿದ್ದವರು. 1946–47ರಲ್ಲಿ ಅಲ್ಲಿನ ಹಿಂದಿಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ಬದುಕನ್ನು ಕುರಿತು ಅವರು ರಚಿಸಿದ ಭಿತ್ತಿಚಿತ್ರ ಆಧುನಿಕ ಭಾರತೀಯ ಕಲೆಯ ಶ್ರೇಷ್ಠ ಕೃತಿಗಳಲ್ಲೊಂದು. 1950ರ ದಶಕದ ಉತ್ತರಾರ್ಧದಲ್ಲಿ, ವಿಫಲವಾದ ಕಣ್ಣಿನ ಶಸ್ತ್ರಚಿಕಿತ್ಸೆಯ ಪರಿಣಾಮವಾಗಿ, ಅವರು ಪೂರ್ಣವಾಗಿ ಕುರುಡರಾದರು. ಚಿತ್ರಕಾರನ ಬದುಕು ಅಲ್ಲಿಗೆ ಮುಗಿಯಿತೆಂದು ಯಾರಾದರೂ ಭಾವಿಸಬಹುದಿತ್ತು. ಮುಖರ್ಜಿಯವರು ಕಾಗದವನ್ನು ಮಡಿಸಿ, ಕತ್ತರಿಸಿ, ಬೆರಳುಗಳಿಂದ ಅಂಚುಗಳನ್ನು ಅಳೆದು ಚಿತ್ರಗಳನ್ನು ಮಾಡಿದರು. ಅದೇ ಸಂಸ್ಥೆಯಲ್ಲಿ ಪಾಠವನ್ನೂ ಮುಂದುವರಿಸಿದರು. 1972ರಲ್ಲಿ ಕಲಾಭವನದ ಗೋಡೆಗೆ ಅವರು ರೂಪಿಸಿದ ಸೆರಾಮಿಕ್ ಫಲಕಗಳ ಭಿತ್ತಿಚಿತ್ರ ಇದೇ ಕತ್ತರಿಗೆಲಸದ ಮುಂದುವರಿಕೆ. ಅದೇ ವರ್ಷ ಅವರ ಶಿಷ್ಯರಾಗಿದ್ದ ಸತ್ಯಜಿತ್ ರಾಯ್ ಅವರನ್ನು ಕುರಿತು 'ದಿ ಇನ್ನರ್ ಐ' ಎಂಬ ಸಾಕ್ಷ್ಯಚಿತ್ರ ಮಾಡಿದರು. ಕುರುಡರೊಬ್ಬರು ಚಿತ್ರ ಮಾಡಿದರೆಂಬ ಬೆರಗಿಗಿಂತ ಮುಖ್ಯವಾದುದು ಈ ಕೃತಿಗಳ ಗುಣ. ದೃಷ್ಟಿಯಿದ್ದಾಗ ಅವರು ಗಳಿಸಿದ್ದ ರಚನಾಪ್ರಜ್ಞೆ ಕಣ್ಣು ಹೋದ ಮೇಲೆ ಸ್ಪರ್ಶದ ಮೂಲಕ ಕೆಲಸ ಮಾಡಿತು. ಅವುಗಳನ್ನು ಕಲಾಕೃತಿಗಳೆಂದೇ ನೋಡಬೇಕು, ವಿಮರ್ಶಿಸಬೇಕು. ಅನುಕಂಪದ ರಿಯಾಯಿತಿ ಅವುಗಳಿಗೆ ಬೇಡ.

ಈ ಮೂವರಲ್ಲಿ ಇಬ್ಬರು ವೃತ್ತಿಕಲಾವಿದರು, ಒಬ್ಬರು ಅಪಾರ ಬಿಡುವೂ ಅನುಕೂಲವೂ ಇದ್ದ ಕುಲೀನ ಮಹಿಳೆ. ಸಾಮಾನ್ಯ ವೃದ್ಧರಿಗೆ ಅವರು ಹೇಗೆ ಮಾದರಿಯಾದಾರು ಎಂಬ ಆಕ್ಷೇಪ ಸಹಜ. ಅದಕ್ಕೆ ಉತ್ತರವನ್ನು ಕರ್ನಾಟಕದ ಮನೆಗಳಲ್ಲಿಯೇ ಹುಡುಕಬಹುದು.

ಕೌದಿಯ ಪಾಠ

ಉತ್ತರ ಕರ್ನಾಟಕದ ಕೌದಿ ಹಳೆಯ ಸೀರೆ, ಧೋತರ, ಕುಪ್ಪಸ, ಅಂಗಿಗಳ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಕೈಹೊಲಿಗೆಯಿಂದ ಕಟ್ಟುವ ಹೊದಿಕೆ. ಅಂಟಿನ ಬದಲು ದಾರ, ಕಾಗದದ ಬದಲು ಬಟ್ಟೆ ಎಂಬುದನ್ನು ಬಿಟ್ಟರೆ ಆಯ್ಕೆ, ಕತ್ತರಿ, ಹೊಂದಾಣಿಕೆಗಳ ಕ್ರಮ ಒಂದೇ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಸಮುದಾಯದ ಮಹಿಳೆಯರ ಕೌದಿಗಳು ಇಂದು ಕಲಾಸಂಶೋಧಕರ ಗಮನ ಸೆಳೆದಿವೆ. ಅವರಲ್ಲಿ ಹೊಲಿಗೆ ಮೂಲೆಯಿಂದ ಹೊರಟು, ಅಂಚಿನ ಗುಂಟ ಸುತ್ತುತ್ತ, ನಡುವಿನ ಕಡೆಗೆ ಸಾಗುತ್ತದೆ. ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಚಿಕ್ಕ ಹೂಗಳನ್ನು ಕೂರಿಸಿದಾಗಲೇ ಕೌದಿ ಪೂರ್ಣವಾದಂತೆ. ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಯಾವ ತುಂಡು ಎಲ್ಲಿಗೆ ಎಂಬ ನಿರ್ಣಯ ಹೊಲಿಯುತ್ತಲೇ ಆಗುತ್ತದೆ.

ಈ ಕೆಲಸದಲ್ಲಿ ಹಿರಿಯ ಹೆಂಗಸರ ಪಾತ್ರ ದೊಡ್ಡದು. ಅಜ್ಜಿ ಮೊಮ್ಮಕ್ಕಳಿಗಾಗಿ ಕೌದಿ ಹೊಲಿಯುವುದು ಪರಿಚಿತ ಸಂಗತಿ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೌದಿ ಹೊಲಿಯುವ ಅಜ್ಜಿಯನ್ನು ಯಾರೂ ಚಿಕಿತ್ಸೆ ಪಡೆಯುತ್ತಿರುವವರೆಂದು ನೋಡುವುದಿಲ್ಲ. ಹೊಲಿಗೆ ಸಡಿಲವಾದರೆ ಹೊದಿಕೆ ಬಾಳದು, ಬಣ್ಣ ಹೊಂದದಿದ್ದರೆ ನೆರೆಯವರು ಹೇಳದೆ ಬಿಡರು. ಅಂದರೆ ಆಕೆಯ ಕೆಲಸಕ್ಕೆ ಉಪಯೋಗವಿದೆ, ಅಳತೆಗೋಲಿದೆ, ವಿಮರ್ಶೆಯಿದೆ. ಆಕೆಯ ಘನತೆಗೆ ಆಧಾರವಾಗಿರುವುದು ಈ ಮೂರೂ. ವಯೋವೃದ್ಧರ ಕಲಾತರಗತಿಗಳಲ್ಲಿ ಬಹಳಷ್ಟು ಸಲ ಕಾಣೆಯಾಗಿರುವುದೂ ಇವೇ.

ತರಗತಿಗಳ ದೋಷಗಳು

ಮೊದಲನೆಯದು ಅಚ್ಚಿನ ದೋಷ. ಹೂವು, ಚಿಟ್ಟೆ, ಹಣತೆಗಳ ಆಕಾರಗಳನ್ನು ಮೊದಲೇ ಕತ್ತರಿಸಿಟ್ಟು, ಹಿರಿಯರಿಂದ ಅಂಟಿಸುವ ಕೆಲಸವನ್ನಷ್ಟೇ ಮಾಡಿಸುವ ಪದ್ಧತಿ ಇದು. ಆಯ್ಕೆ, ಕತ್ತರಿ, ಹೊಂದಾಣಿಕೆಗಳನ್ನು ಶಿಕ್ಷಕರೇ ಮುಗಿಸಿಬಿಟ್ಟ ಮೇಲೆ ಉಳಿಯುವುದು ಗೋಂದು ಮಾತ್ರ. ಮಾತಿಸ್ ಬಣ್ಣ ಬಳಿಯುವ ಮತ್ತು ಸೂಜಿ ಚುಚ್ಚುವ ಕೆಲಸಗಳನ್ನು ಸಹಾಯಕರಿಗೆ ಬಿಟ್ಟು, ನಿರ್ಣಯವನ್ನು ತಮ್ಮಲ್ಲೇ ಇಟ್ಟುಕೊಂಡರು. ಇಲ್ಲಿ ಅದು ತಿರುಗುಮುರುಗಾಗಿದೆ.

ಎರಡನೆಯದು ನೆನಪಿನ ದೋಷ. ಹಿರಿಯರ ಕೊಲಾಜ್ ಎಂದರೆ ಹಳೆಯ ಭಾವಚಿತ್ರ, ಮದುವೆಯ ಕರೆಯೋಲೆ, ಊರಿನ ನೆನಪು ಎಂದು ಮೊದಲೇ ಗೊತ್ತುಮಾಡಲಾಗುತ್ತದೆ. ನೆನಪು ಕಲೆಯ ದೊಡ್ಡ ಆಕರವೆಂಬುದರಲ್ಲಿ ಸಂಶಯವಿಲ್ಲ. ಆದರೆ ವೃದ್ಧರಿಗೆ ಗತಕಾಲವೊಂದೇ ಇದೆ, ಅವರು ನೋಡಬೇಕಾದ ವರ್ತಮಾನ ಏನೂ ಉಳಿದಿಲ್ಲ ಎಂಬ ಗ್ರಹಿಕೆ ಈ ನಿಯಮದಲ್ಲಿ ಅಡಗಿದೆ. ಡಿಲೇನಿ ಕತ್ತರಿಸಿದ್ದು ತಮ್ಮ ಮುಂದೆ ಅಂದು ಅರಳಿದ್ದ ಹೂವನ್ನು. ಮಾತಿಸ್ 1930ರಲ್ಲಿ ಕಂಡ ತಾಹಿತಿಯ ಕಡಲು 1946ರ 'ಓಷಿಯಾನಿಯಾ' ಚಿತ್ರಗಳಲ್ಲಿ ಮರಳಿ ಬಂದಿತು. ಅದು ಪ್ರವಾಸಕಥನವಾಗಿ ಬರಲಿಲ್ಲ, ಮೀನು, ಹಕ್ಕಿ, ಹವಳಗಳ ಬಿಳಿಯ ಆಕಾರಗಳಾಗಿ ಬಂದಿತು. ನೆನಪು ರೂಪವಾದಾಗ ಕಲೆ. ನೆನಪನ್ನು ಕೇವಲ ಪ್ರದರ್ಶಿಸಿದಾಗ ಅದು ಅಂಟಿಸಿದ ಆಲ್ಬಂ.

ಮೂರನೆಯದು ಹೊಗಳಿಕೆಯ ದೋಷ. ಹಿರಿಯರು ಏನು ಮಾಡಿದರೂ ಚೆನ್ನಾಗಿದೆಯೆನ್ನುವುದು ಸೌಜನ್ಯವಾಗಿ ತೋರುತ್ತದೆ. ವಾಸ್ತವವಾಗಿ ಅದು ತಿರಸ್ಕಾರದ ಮೃದುರೂಪ. ಹತ್ತು ವರ್ಷದ ಮಗುವಿಗೆ ಮೇಷ್ಟರು ಇಲ್ಲಿ ಇನ್ನೊಮ್ಮೆ ನೋಡು ಎನ್ನುತ್ತಾರೆ, ಏಕೆಂದರೆ ಆ ಮಗು ಬೆಳೆಯುತ್ತದೆಂಬ ನಂಬಿಕೆ ಅವರಿಗಿದೆ. ಎಪ್ಪತ್ತೈದರ ವಿದ್ಯಾರ್ಥಿಗೆ ಆ ಮಾತು ಹೇಳದಿದ್ದರೆ, ಇವರು ಇನ್ನು ಬೆಳೆಯುವವರಲ್ಲ ಎಂಬ ತೀರ್ಪನ್ನು ಕೊಟ್ಟಂತೆಯೇ. ವಿಮರ್ಶೆಗೆ ಒಳಗಾಗುವುದು ಕಲಿಯುವವರ ಹಕ್ಕು.

ನಾಲ್ಕನೆಯದು ಆರೋಗ್ಯದ ಅಳತೆ. ರಕ್ತದೊತ್ತಡ, ನಿದ್ರೆ, ಮಾತ್ರೆಗಳ ಲೆಕ್ಕದಲ್ಲಿಯೇ ಕಲಾತರಗತಿಯ ಯಶಸ್ಸನ್ನು ಹೇಳುವುದು ಇಂದು ರೂಢಿಯಾಗಿದೆ. ಇದಕ್ಕೆ ಆಧಾರವಾಗಿ ಅಮೆರಿಕದ ಮನೋವೈದ್ಯ ಜೀನ್ ಕೋಹೆನ್ ಅವರ ಅಧ್ಯಯನವನ್ನು ಮತ್ತೆ ಮತ್ತೆ ಉಲ್ಲೇಖಿಸಲಾಗುತ್ತದೆ. ವಾಷಿಂಗ್ಟನ್ ಪ್ರದೇಶದ 65 ವರ್ಷ ಮೀರಿದ 166 ಮಂದಿಯನ್ನು ಕುರಿತ ಆ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಸಮೂಹಗಾಯನದಲ್ಲಿ ತೊಡಗಿದ ಗುಂಪಿನವರಲ್ಲಿ ವೈದ್ಯರ ಭೇಟಿ, ಔಷಧಿ ಬಳಕೆ, ಬೀಳುವ ಪ್ರಸಂಗಗಳು ಹೋಲಿಕೆಯ ಗುಂಪಿನವರಿಗಿಂತ ಕಡಿಮೆಯೆಂದು ಅದು ವರದಿ ಮಾಡಿತು. ಆದರೆ ಗುಂಪುಗಳನ್ನು ಚೀಟಿಯೆತ್ತಿದಂತೆ ಯಾದೃಚ್ಛಿಕವಾಗಿ ವಿಂಗಡಿಸಿರಲಿಲ್ಲ. ಅಧ್ಯಯನಕ್ಕೆ ಒಳಗಾದುದು ಗಾಯನವೇ ಹೊರತು ಕೊಲಾಜ್ ಅಲ್ಲ. ಆದುದರಿಂದ ಅದನ್ನು ಎಲ್ಲ ಕಲೆಗಳಿಗೂ ಔಷಧಿಯ ಚೀಟಿಯಂತೆ ಹಚ್ಚುವುದು ಸರಿಯಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಅಲ್ಲಿ ಕಲಿಸಿದವರು ವೃತ್ತಿನಿರತ ಸಂಗೀತಗಾರರು. ಕಲಿತವರು ಸಾರ್ವಜನಿಕರ ಮುಂದೆ ಹಾಡಿದರು. ಪ್ರಯೋಜನವಾಗಿದ್ದರೆ ಅದು ಗಂಭೀರವಾದ ಕಲಿಕೆಯ ಬೆನ್ನಿಗೆ ಬಂದದ್ದು. ಪ್ರಯೋಜನವನ್ನೇ ಗುರಿಯಾಗಿಸಿ ಕಲಿಕೆಯನ್ನು ಹಗುರಗೊಳಿಸಿದರೆ ಎರಡೂ ದಕ್ಕವು.

ಕ್ರಮದ ಕೆಲವು ಅಂಶಗಳು

ಗಂಭೀರವಾದ ಕಲಿಕೆ ಎಂದರೆ ಕಠಿಣವಾದ ಶಿಸ್ತು ಎಂದಲ್ಲ. ದೇಹದ ಸ್ಥಿತಿಯನ್ನು ಅರಿತು ಸಾಧನಗಳನ್ನು ಹೊಂದಿಸಿಕೊಂಡು, ಕಲೆಯ ಮಟ್ಟವನ್ನು ಮಾತ್ರ ಇಳಿಸದಿರುವುದು ಎಂದು ಅರ್ಥ. ಸಂಧಿವಾತವಿರುವವರಿಗೆ ಒತ್ತಿದ ಮೇಲೆ ತಾನೇ ತೆರೆದುಕೊಳ್ಳುವ ಸ್ಪ್ರಿಂಗ್ ಕತ್ತರಿ ಅನುಕೂಲ. ಕತ್ತರಿ ಹಿಡಿಯಲಾಗದವರು ಕಾಗದವನ್ನು ಕೈಯಿಂದ ಹರಿಯಬಹುದು. ಹರಿದ ಅಂಚಿಗೆ ಕತ್ತರಿಸಿದ ಅಂಚಿಗಿಲ್ಲದ ಮೆತ್ತನೆಯ ಗುಣವಿದೆ. ಹಾಳೆ ದೊಡ್ಡದಿರಬೇಕು, ಬೆಳಕು ಹೆಚ್ಚಿರಬೇಕು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ; ಕಡುನೀಲಿಗೂ ಕಪ್ಪಿಗೂ, ನೀಲಿಗೂ ಹಸಿರಿಗೂ ಇರುವ ಅಂತರ ಮಸುಕಾಗುತ್ತದೆ. 1923ರಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯಾಗುವ ಮೊದಲಿನ ವರ್ಷಗಳಲ್ಲಿ ಮೋನೆ ಅವರ ಚಿತ್ರಗಳು ಕೆಂಪು, ಕಂದು ಬಣ್ಣಗಳ ಕಡೆಗೆ ಸರಿದದ್ದನ್ನು ಇದರೊಂದಿಗೆ ಹೋಲಿಸಿ ನೋಡಬಹುದು. ಹಿರಿಯರೊಬ್ಬರು ಗಾಢವಾದ ಕೆಂಪನ್ನೇ ಮತ್ತೆ ಮತ್ತೆ ಆರಿಸಿದರೆ ಅದನ್ನು ಬಾಲಿಶ ರುಚಿಯೆಂದು ತಿಳಿಯುವ ಮೊದಲು ಕಿಟಕಿಯ ಪರದೆಯನ್ನು ಸರಿಸಿ ನೋಡುವುದು ಶಿಕ್ಷಕರ ಕರ್ತವ್ಯ.

ಸಾಮಗ್ರಿಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ವೃತ್ತಪತ್ರಿಕೆಯ ಕಾಗದದಲ್ಲಿರುವ ಲಿಗ್ನಿನ್ ಬೆಳಕಿಗೆ ಬೇಗ ಹಳದಿಯಾಗುತ್ತದೆ. ಬಾಳಬೇಕಾದ ಕೃತಿಗೆ ಆಮ್ಲರಹಿತ ಕಾಗದ ಲೇಸು. ಪುಸ್ತಕ ಕಟ್ಟುವವರು ಹುಳು ಹಿಡಿಯದಂತೆ ಮೈದಾ ಅಂಟಿಗೆ ಮೈಲುತುತ್ತ ಬೆರೆಸುವ ರೂಢಿಯುಂಟು. ಅದು ವಿಷವಾದುದರಿಂದ ತರಗತಿಗೆ ಸಲ್ಲದು. ಮನೆಯ ಮೂಲ ಭಾವಚಿತ್ರಗಳನ್ನು ಎಂದಿಗೂ ಕತ್ತರಿಸಬಾರದು, ಪ್ರತಿಗಳನ್ನಷ್ಟೇ ಬಳಸಬೇಕು. ಹಿರಿಯರ ಚಿತ್ರ ಬಾಳುವಂತಹುದಾಗಿರಬೇಕೆಂಬ ನಿರೀಕ್ಷೆಯಿದ್ದಾಗ ಮಾತ್ರ ಈ ಎಚ್ಚರಗಳು ಹುಟ್ಟುತ್ತವೆ. ಅಗ್ಗದ ಕಾಗದ, ಉಳಿದ ಗೋಂದು, ಮಂದ ಬೆಳಕುಗಳು ಆ ನಿರೀಕ್ಷೆ ಇಲ್ಲವೆಂಬುದನ್ನು ಮಾತಿಲ್ಲದೆ ಸಾರುತ್ತವೆ.

ತರಗತಿಯ ಕೊನೆಯ ಅರ್ಧಗಂಟೆ ಚಿತ್ರಗಳನ್ನು ಗೋಡೆಗೆ ಚುಚ್ಚಿ ಎಲ್ಲರೂ ಸೇರಿ ಚರ್ಚಿಸಲು ಮೀಸಲಾಗಬೇಕು. ತಂದೆತಾಯಿಗಳ ವಯಸ್ಸಿನವರನ್ನು ತಿದ್ದಲು ತರುಣ ಶಿಕ್ಷಕರು ಹಿಂಜರಿಯುವುದು ಸಹಜ. ಯಜಮಾನರೇ, ಅಮ್ಮ ಎಂಬ ಗೌರವದ ಸಂಬೋಧನೆಯನ್ನು ಬಿಡದೆಯೇ, ಈ ಮೂಲೆ ಭಾರವಾಯಿತೆಂದು ಹೇಳಲು ಸಾಧ್ಯ. ಪ್ರದರ್ಶನ ಏರ್ಪಡಿಸಿದಾಗ ಚಿತ್ರದ ಕೆಳಗೆ ಇರಬೇಕಾದುದು ಕಲಾವಿದರ ಹೆಸರು, ಮಾಧ್ಯಮ ಮತ್ತು ವರ್ಷ. ವಯಸ್ಸನ್ನೂ ಕಾಯಿಲೆಯನ್ನೂ ದಪ್ಪಕ್ಷರಗಳಲ್ಲಿ ಬರೆದು ಅನುಕಂಪವನ್ನು ಯಾಚಿಸುವುದು ಕೃತಿಗೂ ಕರ್ತೃವಿಗೂ ಅನ್ಯಾಯ.

ಸಮಾರೋಪ

2007ರಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆ ಪೋಷಣೆಯೆಂದರೆ ಅನ್ನ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆ ಎಂದು ವಿವರಿಸಿತು. ಕಾನೂನು ಅಷ್ಟನ್ನು ಹೇಳಬೇಕಾಗಿ ಬಂದದ್ದೇ ಸಮಾಜದ ಸ್ಥಿತಿಗೆ ಕನ್ನಡಿ. 1991ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ವಯೋವೃದ್ಧರ ಕುರಿತ ತತ್ವಗಳು ಇನ್ನೊಂದು ಹೆಜ್ಜೆ ಮುಂದಿಟ್ಟು, ಶೈಕ್ಷಣಿಕ ಮತ್ತು ಸಾಂಸ್ಕೃತಿಕ ಸಂಪನ್ಮೂಲಗಳು ಹಿರಿಯರಿಗೆ ದೊರೆಯಬೇಕೆಂದವು. ಈ ಎರಡರ ನಡುವಣ ಅಂತರವನ್ನು ತುಂಬುವ ಹೊಣೆ ಕಲಾಸಂಸ್ಥೆಗಳದು. ಅದಕ್ಕೆ ಬೇಕಾದ ಸಾಮಗ್ರಿ ದುಬಾರಿಯದಲ್ಲ: ಒಂದು ಕತ್ತರಿ, ಬಣ್ಣದ ಕಾಗದ, ಗುಂಡುಸೂಜಿ, ಸಾಕಷ್ಟು ಬೆಳಕು. ದುರ್ಲಭವಾದುದು ಎಪ್ಪತ್ತು ದಾಟಿದ ಕೈಯಿಂದಲೂ ಹೊಸದೊಂದು ರೂಪ ಹೊರಡಬಲ್ಲದೆಂಬ ನಂಬಿಕೆ, ಮತ್ತು ಅದು ಹೊರಡದಿದ್ದಾಗ ಇನ್ನೊಮ್ಮೆ ಸರಿಸಿ ನೋಡಿ ಎಂದು ಹೇಳುವ ಪ್ರಾಮಾಣಿಕತೆ. ಅವೆರಡನ್ನೂ ಒದಗಿಸಬಲ್ಲ ತರಗತಿಯಲ್ಲಿ ಮುಪ್ಪು ಕಲಿಕೆಯ ಇನ್ನೊಂದು ವಯಸ್ಸಾಗುತ್ತದೆ.